ಸಿಡಿಲಿಗೆ ಬೇಡ, ಸುದ್ದಿಗೆ ಬೇಕು

ಗೋಡೆಗೆ ಒರಗಿ ಕೂತ್ಕೊಳ್ಳಿ ಮಕ್ಕಳಾ. ಕಾಲು ಚಾಚಿದರೂ ಸರಿ, ನಡುವೆ ಎದ್ದು ಓಡಬೇಡಿ. ಅರ್ಧ ಕೇಳಿ ಉತ್ತರ ಹೇಳಿದವರ ಗತಿ ಏನಾಯಿತು ಅನ್ನೋದೇ ಈ ಕತೆ.

ಕೊಂಬಗಲ್ಲಿನ ದೊರೆ ಡಂಗುರ ಹೊಡೆಸಿದ: "ಕೇಳಿರಪ್ಪೋ! ಗುಡ್ಡದ ಯಂತ್ರದ ಮನೆಗೂ ಅರಮನೆಗೂ ತಾಮ್ರದ ತಂತಿ ಜಗ್ಗಿ ಸುದ್ದಿ ಹೇಳುತ್ತೇವೆ. ಅದೇ ತಂತಿಯಲ್ಲಿ ಸಿಡಿಲೂ ಇಳಿಯುತ್ತಿದೆ. ರಾಜಕುಮಾರಿಯ ಮೂರು ಒಗಟು ಬಿಡಿಸಿದವರಿಗೆ ತಂತಿಯ ಪಾರುಪತ್ಯ. ತಪ್ಪಿದವರು ಮಳೆಗಾಲವೆಲ್ಲ ತಂತಿ ಹಿಡಿದು ಕೂರಬೇಕು!"

ಹಾಗೆ ಕೂತವರಲ್ಲಿ ಇಬ್ಬರು ಆಗಲೇ ಸುಟ್ಟು ಸತ್ತಿದ್ದರು. ಈಗ ಅರಮನೆ ತುದಿಯಲ್ಲಿ ಕೂತಿದ್ದವನು ಹಗ್ಗ ಹೊಸೆಯುವ ದ್ಯಾವಿಯ ಅಣ್ಣ ಮಾದ.

ರಾಜಕುಮಾರಿ ಹೊನ್ನಾಜಿಗೆ ತಲೆ ಕೆಟ್ಟುಹೋಗಿತ್ತು. ಮೂರು ವರ್ಷದಲ್ಲಿ ಹದಿನೇಳು ತಡೆ ಹಾಕಿಸಿದ್ದಳು. ಒಂದು ಸುಟ್ಟರೆ ಇನ್ನೊಂದು ಸುದ್ದಿಯನ್ನೂ ತಡೆದು ಮೂಕವಾಗುತ್ತಿತ್ತು.

"ಸುದ್ದಿ ದಾಟಬೇಕು, ಸಿಡಿಲು ದಾಟಬಾರದು. ಅದು ಎಂಥ ಗೋಡೆ?" ಅಂದಳು.

ದಳವಾಯಿಯ ಮಗ ಬೀರರಸ ಮೀಸೆ ತಿರುವಿದ. "ಏಳು ಮೊಳ ದಪ್ಪದ್ದು!"

"ಸುದ್ದಿ ಹೇಗಯ್ಯಾ ದಾಟುತ್ತೆ?"

"ಸುದ್ದಿ ಮನೆ ಹಾಳಾಗಲಿ!"

"ಕರಕೊಂಡು ಹೋಗಿ ಇವನನ್ನ!"

ಆಸ್ಥಾನದ ಪಂಡಿತ ಅನಂತಯ್ಯ ಹೇಳಿದ: "ತಂತಿಯನ್ನು ಗೋಡೆಯಲ್ಲಿ ತುಂಡು ಮಾಡಿ, ಎರಡು ಬದಿಗೂ ಒಬ್ಬೊಬ್ಬ ಕಾವಲುಗಾರ. ಒಬ್ಬ ಕಂಡದ್ದನ್ನು ಗಾಜಿನ ಕಿಂಡಿಯಲ್ಲಿ ಇನ್ನೊಬ್ಬನಿಗೆ ಸನ್ನೆ ಮಾಡಲಿ." ಅದು ಸರಿ, ಹೊನ್ನಾಜಿಯ ಹದಿನೇಳನೆಯ ತಡೆಯೂ ಹಾಗೇ ಇತ್ತು. ಈಗಿನವರು ಅದನ್ನೇ ಉಗುರಿನಷ್ಟು ಬಿಲ್ಲೆಯಲ್ಲಿ ಅಡಗಿಸಿ ಐಸೊಲೇಟರ್ ಅಂತಾರಂತೆ.

"ಎರಡನೆಯದು," ಅಂದಳು ಹೊನ್ನಾಜಿ. "ಒಬ್ಬ ಜಗ್ಗಿದ್ದು ಕಂಡರೆ ಇನ್ನೊಬ್ಬನೂ ಜಗ್ಗುತ್ತಾನೆ, ಅದನ್ನು ಕಂಡು ಮೊದಲಿನವನು ಹಿಡಿದೇ ಇರುತ್ತಾನೆ. ಆಮೇಲೆ ಇಬ್ಬರೂ ಬಿಡುವುದೇ ಇಲ್ಲ. ಬಿಡಿಸುವುದು ಹೇಗೆ?"

"ಇನ್ನೂ ಚುರುಕಿನವರನ್ನು ಇಡಿ ತಾಯಿ."

"ಚುರುಕಾಗಿ ಸಿಕ್ಕಿಕೊಳ್ಳುತ್ತಾರೆ ಅಷ್ಟೇ! ಇವರನ್ನೂ ಕರಕೊಂಡು ಹೋಗಿ!"

ಆಗ ಸೀರೆಗೆಲ್ಲ ನಾರಿನ ಪುಡಿ ಮೆತ್ತಿಕೊಂಡೇ ದ್ಯಾವಿ ಬಂದಳು.

"ಅಮ್ಮಣ್ಣಿ, ಹಗ್ಗ ಹೊಸೆಯುವಾಗ ನಾನು ಜಗ್ಗಿದ್ದೇ ತಿರುಗಿ ಬಂದರೆ ಅಣ್ಣ ಜಗ್ಗಿದ ಅಂದುಕೊಳ್ಳುತ್ತಿದ್ದೆ. ನಿಮ್ಮವರಿಗೂ ಅದೇ ರೋಗ. ಅರಮನೆ ಬದಿಯ ಕಾವಲುಗಾರ ಅರ್ಧ ಮಾತ್ರ ಜಗ್ಗಲಿ, ಅರಮನೆಯವರಿಗೆ ಅಷ್ಟು ಸಾಕು. ಅರಮನೆಯವರು ತಂತಿಯನ್ನು ಪೂರ್ತಿ ಜಗ್ಗಿದರೆ ಮಾತ್ರ ಅವನು ಆಚೆಗೆ ಸನ್ನೆ ಮಾಡಲಿ. ಆಗ ತಾನು ಜಗ್ಗಿದ್ದನ್ನೇ ಸುದ್ದಿ ಅಂದುಕೊಳ್ಳೋದಿಲ್ಲ."

ಹೊನ್ನಾಜಿ ಎದ್ದು ನಿಂತಳು. "ಮೂರನೆಯದು. ತಂತಿ ತುಂಡಾಗಿದೆ, ಆದರೂ ಸಿಡಿಲು ಅರಮನೆಗೆ ಬಂತು. ಯಾವ ದಾರಿಯಲ್ಲಿ?"

"ಆಚೆ, ಗುಡ್ಡದ ಬದಿಯ ಕಾವಲುಗಾರನಿಗೆ ಊಟ ಎಲ್ಲಿಂದ?" ದ್ಯಾವಿ ಕೇಳಿದಳು.

"ನಮ್ಮ ಅಡುಗೆಮನೆಯಿಂದ. ತಾಮ್ರದ ಕೊಳವೆಯಲ್ಲಿ ಗಂಜಿ ಬಿಡುತ್ತೇವೆ."

"ಅಯ್ಯೋ ನಮ್ಮಮ್ಮಾ! ತಂತಿ ಕಡಿದು ಕೊಳವೆ ಉಳಿಸಿದಿರಲ್ಲ! ಕೊಳವೆ ಕೀಳಿಸಿ, ಆಚೆಯವನಿಗೆ ಆಚೆಯೇ ಒಲೆ ಹೂಡಿ."

ದೊರೆ ಕೇಳಿದ, "ಸರಿಯೇನಮ್ಮಾ?"

"ನನಗೆ ಗೊತ್ತಿದ್ದರೆ ಯಾಕಪ್ಪಾ ಕೇಳ್ತಿದ್ದೆ?" ಎಂದು ಹೊನ್ನಾಜಿ ಹಣೆ ಚಚ್ಚಿಕೊಂಡಳು.

ಕೊಳವೆ ಕಿತ್ತರು, ಒಲೆ ಹೂಡಿದರು, ಅರಮನೆ ಬದಿಯ ಕಾವಲುಗಾರನಿಗೆ ಅರ್ಧ ಮಾತ್ರ ಜಗ್ಗಲು ಕಲಿಸಿದರು. ಮರುದಿನ ಮಧ್ಯಾಹ್ನವೇ ಗುಡ್ಡಕ್ಕೆ ಸಿಡಿಲು ಹೊಡೆಯಿತು. ಅರಮನೆ ತುದಿಯಲ್ಲಿ ಮಾದನ ಜೊತೆ ದ್ಯಾವಿಯೂ ತಂತಿ ಹಿಡಿದಿದ್ದಳು. ತಂತಿ ತಣ್ಣಗಿತ್ತು. ಸ್ವಲ್ಪ ಹೊತ್ತಿಗೆ ಮೆಲ್ಲಗೆ ಅರ್ಧ ಜಗ್ಗಿತು: ಗುಡ್ಡದವರು ಕ್ಷೇಮ.

ದ್ಯಾವಿಗೆ ಪಾರುಪತ್ಯ ಸಿಕ್ಕಿತು. ಅವಳ ಮೊದಲ ಅಪ್ಪಣೆಗೇ ಬೀರರಸ, ಅನಂತಯ್ಯ ಬಿಡುಗಡೆಯಾದರು. ಬೀರರಸ ಊರು ಬಿಟ್ಟ, ಪಂಡಿತ ಕಿಂಡಿಯ ಗಾಜು ಒರೆಸುವ ಕೆಲಸಕ್ಕೆ ನಿಂತ. ದೊರೆ ಮತ್ತೆ ಡಂಗುರ ಹೊಡೆಸಲಿಲ್ಲ. ಹೊನ್ನಾಜಿ ಮೂರು ದಿನ ನಿದ್ದೆ ಮಾಡಿದಳು. ಮಾದ ಮನೆಗೆ ಬಂದ. ಮೋಡ ಕಟ್ಟಿದಾಗಲೆಲ್ಲ ಅವನು ಹಗ್ಗದ ತುದಿ ಬಿಟ್ಟು ಒಳಗೆ ಹೋಗಿ ಕೂರುತ್ತಿದ್ದ. ಆ ದಿನಗಳಲ್ಲಿ ಅವನ ಪಾಲಿನ ಹಗ್ಗವನ್ನೂ ತಂಗಿಯೇ ಹೊಸೆದಳು.