ಸೇಡಿನ ತೂಬು

ಕಾರೇಗುಡ್ಡದ ಕೆರೆಯೇರಿಯ ಮೇಲೆ ನಡೆದು ಹೋಗುವವರಿಗೆ ನಟ್ಟನಡುವೆ ಎರಡು ಕಲ್ಲುಕಂಬಗಳ ತೂಬೊಂದು ಕಾಣುತ್ತದೆ. ಕಂಬಗಳ ಮೇಲೊಂದು ಅಡ್ಡಗಲ್ಲು, ಕೆಳಗೆ ನೀರಿಗಿಳಿಯುವ ಕಟ್ಟೋಣ, ಕಲ್ಲಿಗೂ ಕಲ್ಲಿಗೂ ನಡುವೆ ಉಗುರು ತೂರದಂತೆ ಕೂತ ಬಿಳಿ ಗಾರೆ. ಪಕ್ಕದಲ್ಲಿ ನಿಲ್ಲಿಸಿದ ಫಲಕದಲ್ಲಿ ‘ಪ್ರಾಚೀನ ತೂಬು’ ಎಂದಷ್ಟೇ ಬರೆದಿದೆ. ಆ ಫಲಕ ಎರಡು ಸಲ ತುಕ್ಕು ಹಿಡಿದು ಬಿದ್ದಿದೆ, ಗಾರೆಯ ಒಂದು ಚಕ್ಕೆಯೂ ಎದ್ದಿಲ್ಲ. ಊರಿನವರು ಇದನ್ನು ಸೇಡಿನ ತೂಬು ಎನ್ನುತ್ತಾರೆ. ಮೂರು ಹಳ್ಳಿಗಳ ಗದ್ದೆಗೆ ನೀರುಣಿಸುವ ತೂಬಿಗೆ ಇಂಥ ಹೆಸರೇಕೆ ಎಂದು ಹೊಸಬರು ಮೂಗು ಮುರಿಯುವುದುಂಟು. ಹೊರಗಿನಿಂದ ವರ್ಗವಾಗಿ ಬಂದ ಮೇಷ್ಟರೊಬ್ಬರು ಇದನ್ನು ಶಾಂತಿತೂಬು ಎಂದು ಕರೆಯೋಣವೆಂದು ಸಭೆಯಲ್ಲಿ ಎದ್ದು ಹೇಳಿ ನಗೆಪಾಟಲಾದರು. ಆ ಹೆಸರು ಬೊಮ್ಮವ್ವನ ಸ್ವತ್ತು, ಅದನ್ನು ಬದಲಿಸಲು ನಾವ್ಯಾರು?

ಗುಡ್ಡಕ್ಕೊಬ್ಬ ಪಾಳೆಯಗಾರ ಆಳುತ್ತಿದ್ದ ಕಾಲಕ್ಕೆ ಹಿರಿಯರು ಈ ಸಂಗತಿಯನ್ನು ಒಯ್ಯುತ್ತಾರೆ. ಆಗ ಇಲ್ಲಿ ಬಿಚ್ಚಪ್ಪನಾಯಕನ ಆಳ್ವಿಕೆ; ಅವನ ಮೀಸೆಗಿದ್ದ ಉದ್ದ ತಾಳ್ಮೆಗಿರಲಿಲ್ಲ. ಊರಿಗೆಲ್ಲ ಸುಣ್ಣ ಸುಟ್ಟು ಕೊಡುತ್ತಿದ್ದವನು ಮುದ್ದೀರ, ಅವನ ಹೆಂಡತಿಯೇ ಬೊಮ್ಮವ್ವ. ಗೂಡಿನಲ್ಲಿ ಸುಟ್ಟ ಕಲ್ಲನ್ನು ಗುಂಡಿಯ ನೀರಿಗೆ ಹಾಕಿದರೆ ಕೊತಕೊತ ಕುದಿದು ಅರಳುತ್ತದೆ, ಕೆಲವು ದಿನಕ್ಕೆ ತಣ್ಣಗಾಗುತ್ತದೆ. ತಿಳಿಯದವರು ಸುಣ್ಣ ಸಿದ್ಧವಾಯಿತು ಎಂದುಕೊಳ್ಳುವುದು ಅಲ್ಲಿಯೇ. ಒಳಗೆ ಅರಳದೆ ಉಳಿದ ಹರಳುಗಳು ಎಷ್ಟೋ ಇರುತ್ತವೆ. ಗುಂಡಿಯ ನೀರು ಆರದಂತೆ ನೋಡಿಕೊಂಡು ವರ್ಷಗಟ್ಟಲೆ ಕಾದರೆ ಅವೂ ಕರಗಿ ಸುಣ್ಣಕ್ಕೆ ಬೆಣ್ಣೆಯ ಹದ ಬರುತ್ತದೆ. ನೀರು ತಡೆಯುವ ಕಟ್ಟೋಣವಾದರೆ, ಮೂರು ಮಳೆಗಾಲ ಕಾಣದ ಸುಣ್ಣವನ್ನು ಮುದ್ದೀರನ ಮನೆತನದವರು ಮುಟ್ಟಗೊಡುತ್ತಿರಲಿಲ್ಲ.

ನಾಯಕನಿಗೆ ತನ್ನ ಪಟ್ಟದ ದಿನವೇ ಹೊಸ ತೂಬಿನಿಂದ ನೀರು ಹರಿಸಿ ಬಹುಪರಾಕು ಹೇಳಿಸಿಕೊಳ್ಳುವ ಚಪಲ ಹತ್ತಿತು. ಗುಂಡಿಯ ಸುಣ್ಣಕ್ಕೆ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಅವನೇ ಬಂದು ಗುಂಡಿಗೆ ಕೈಯಿಟ್ಟು ನೋಡಿದ. “ತಣ್ಣಗಿದೆಯಲ್ಲೋ, ಇನ್ನೇನು ಬೇಕು ನಿನಗೆ?” ಎಂದ.

“ತಣ್ಣಗಾಗೋದೇ ಬೇರೆ, ಹದ ಬರೋದೇ ಬೇರೆ, ಬುದ್ಧಿ,” ಎಂದು ಮುದ್ದೀರ ಕೈಮುಗಿದ.

ಆಳುಗಳು ಅವನನ್ನು ಆಚೆ ನೂಕಿ ಗುಂಡಿಯನ್ನು ಬಳಿದುಕೊಂಡು ಹೋದರು. ತೂಬು ಎದ್ದಿತು, ಪಟ್ಟವಾಯಿತು, ನಾಯಕನ ಬಯಕೆಯೂ ತೀರಿತು. ಮುಂದಿನ ಮಳೆಗೆ ಕೆರೆ ತುಂಬಿದಾಗ ಗಾರೆಯೊಳಗಿನ ಹಸಿ ಹರಳುಗಳು ನೀರು ಕುಡಿದು ಉಬ್ಬಿದವು, ಹಾಡಹಗಲೇ ತೂಬು ಸಿಡಿಯಿತು. ಕೆಳಗಿನ ಹಟ್ಟಿಯ ಹನ್ನೊಂದು ಜನ ಕೊಚ್ಚಿಹೋದರು. ಚಾವಡಿಯಲ್ಲಿ ನಾಯಕ ಎದ್ದು ನಿಂತು, ಸುಣ್ಣಗಾರ ಸುಣ್ಣಕ್ಕೆ ಬೂದಿ ಬೆರೆಸಿ ಮೋಸ ಮಾಡಿದ ಎಂದು ಸಾರಿದ. ನಾಯಕನೇ ಗುಂಡಿಗೆ ಕೈಯಿಟ್ಟದ್ದನ್ನು ಕಣ್ಣಾರೆ ಕಂಡವರು ಅಲ್ಲೇ ಇದ್ದರು, ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಒಡೆದ ತೂಬಿನ ಬುಡದಲ್ಲಿ ಕುಳಿ ತೋಡಿ ಮುದ್ದೀರನನ್ನು ಜೀವಂತ ಹೂತರು. ಆ ಮನೆಯ ಸುಣ್ಣ ಕೊಂಡವರಿಗೂ ಅದೇ ಗತಿ ಎಂದು ಡಂಗುರ ಸಾರಿಸಿದರು.

ಬೊಮ್ಮವ್ವ ಅಳಲಿಲ್ಲ ಎನ್ನುತ್ತಾರೆ. ಗೂಡಿನಲ್ಲಿ ಉಳಿದಿದ್ದ ಸುಟ್ಟಕಲ್ಲಿನಲ್ಲಿ ಒಂದು ಗಡಿಗೆಯಷ್ಟನ್ನು ನೀರು ಸೋಕಿಸದೆ ಎತ್ತಿಟ್ಟಳು. ಆ ಹಸಿಸುಣ್ಣ ಕಣ್ಣಿಗೆ ಬಿದ್ದರೆ ಕಣ್ಣು ಬೆಂದೇ ಹೋಗುತ್ತದೆ. ನಾಯಕ ವರ್ಷಕ್ಕೊಮ್ಮೆ ಗುಡ್ಡದ ವೀರಭದ್ರನ ಪೂಜೆಗೆ ಬರಿಮೈಯಲ್ಲಿ ಬರುತ್ತಿದ್ದ. ಅಂದು ಅವನ ಮುಖಕ್ಕೆರಚುವುದೆಂದು ಅವಳ ಲೆಕ್ಕಾಚಾರ. ಮಿಕ್ಕ ಕಲ್ಲನ್ನು ಗುಂಡಿಗೆ ಸುರಿದು ನೀರು ಹಾಕಿದಳು. ಯಾರೂ ಕೊಳ್ಳದ ಸುಣ್ಣಕ್ಕೆ ನೀರು ಹೊರುವುದೇಕೆ ಎಂದು ನೆರೆಯವರು ಕೇಳಿದರೆ, ಸುಣ್ಣಗಾರರ ಗುಂಡಿ ಒಣಗಬಾರದು ಎಂದಷ್ಟೇ ಹೇಳುತ್ತಿದ್ದಳು.

ದೇವರ ಅಪ್ಪಣೆಯಿಲ್ಲದೆ ಅವನ ಅಂಗಳದಲ್ಲಿ ಕೈಯೆತ್ತುವವಳಲ್ಲ ಅವಳು. ಪೂಜೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ವೀರಭದ್ರನ ಹೂವು ಕೇಳಿದಳು. ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಇಲ್ಲ. ಹೂವು ಎಡಕ್ಕೆ ಬಿತ್ತು. ಮರುವರ್ಷವೂ ಎಡಕ್ಕೇ ಬಿತ್ತು. ಮೂರನೆಯ ವರ್ಷ ಎಡಕ್ಕೆ ಬಿದ್ದಾಗ ಅವಳು ದೇವರಿಗೆ ಎದುರು ನಿಂತು ಬಾಯಿಗೆ ಬಂದಂತೆ ಬೈದಳು. ದಕ್ಷನ ತಲೆ ತೆಗೆಯಲು ನಿನಗೆ ಒಂದು ಗಳಿಗೆ ಸಾಕಾಯಿತು, ನನ್ನ ಗಂಡನ ಹಗೆಗೆ ಇಷ್ಟು ವರ್ಷ ಬೇಕೇ ಎಂದು ಕೇಳಿದಳು. ಪೂಜಾರಿ ರುದ್ರಯ್ಯ ಗದರಲಿಲ್ಲ. ಬಯ್ಯುವಷ್ಟು ನಂಬಿಕೆ ಇಟ್ಟವರು ಈ ಊರಿನಲ್ಲಿ ಅವಳೊಬ್ಬಳೇ ಎಂದುಕೊಂಡು ಪ್ರಸಾದ ಕೊಟ್ಟು ಕಳಿಸಿದ.

ಹೀಗೆ ಏಳು ವರ್ಷ. ಪರರ ಮನೆಯ ರಾಗಿ ಬೀಸಿ ಹೊಟ್ಟೆ ಹೊರೆದಳು, ಬೆನ್ನು ಬಾಗಿತು, ಬರಗಾಲದಲ್ಲಿ ಕುಡಿಯುವ ನೀರಿನಲ್ಲೇ ಪಾಲು ಮಾಡಿ ಗುಂಡಿಗೆ ಸುರಿದಳು. ಪೂಜೆಯ ದಿನ ನಾಯಕ ಹಾದು ಹೋಗುವಾಗ ತಲೆ ತಗ್ಗಿಸಿ ಪಕ್ಕಕ್ಕೆ ಸರಿಯುತ್ತಿದ್ದಳು. ಮುದುಕಿ ತಣ್ಣಗಾದಳು ಎಂದು ಅವನು ಆಳುಗಳ ಎದುರು ನಕ್ಕ. ಅದೇ ಮನುಷ್ಯ, ಅದೇ ತಪ್ಪು!

ಇತ್ತ ತೂಬು ಇನ್ನೆರಡು ಸಲ ಕಟ್ಟಿಸಿಕೊಂಡು ಎರಡು ಸಲವೂ ಒಡೆಯಿತು. ಪರಸ್ಥಳದ ಕೆಲಸಗಾರರು ನಾಯಕನ ಅವಸರಕ್ಕೆ ಹೆದರಿ ಹಸಿ ಸುಣ್ಣವನ್ನೇ ಮೆತ್ತಿ ಹೋಗಿದ್ದರು. ಏಳನೆಯ ವರ್ಷ ರೈತರು ಗಾಡಿಗೆ ಸಾಮಾನು ಹೇರಿ ಚಾವಡಿಯ ಮುಂದೆ ಸಾಲಾಗಿ ನಿಲ್ಲಿಸಿದರು. ಗಟ್ಟಿ ತೂಬು ಇಲ್ಲದಿದ್ದರೆ ಸೀಮೆ ಬಿಟ್ಟು ಹೋಗುತ್ತೇವೆ, ಗುಡ್ಡವನ್ನು ನೀನೇ ಆಳಿಕೋ ಎಂದರು. ಆ ವಾರವೇ ಪೂಜೆ. ಬೊಮ್ಮವ್ವ ಹೂವು ಕೇಳಿದಳು, ಹೂವು ಬಲಕ್ಕೆ ಬಿತ್ತು.

ಅವಳು ಓಡೋಡಿ ಮನೆಗೆ ಬಂದು ಗಡಿಗೆಯ ಬಾಯಿ ಬಿಚ್ಚಿದಳು. ಏಳು ವರ್ಷ ಗಾಳಿಯಾಡಿ ಒಳಗಿನ ಸುಟ್ಟಕಲ್ಲು ಸತ್ತುಹೋಗಿತ್ತು. ನೀರು ಚಿಮುಕಿಸಿದರೆ ಹೊಗೆಯಿಲ್ಲ, ಶಾಖವಿಲ್ಲ, ಬರೀ ಹುಡಿ. ಅವತ್ತು ಅವಳು ಅತ್ತಳು. ಅತ್ತು ಮುಖ ತೊಳೆಯಲು ಗುಂಡಿಯ ಬಳಿಯ ನೀರಿನ ಕೊಡಕ್ಕೆ ಹೋದವಳು ಸುಮ್ಮನೆ ಗುಂಡಿಗೆ ಕೈಯಿಟ್ಟಳು. ಕೈ ಮೊಣಕೈವರೆಗೆ ಇಳಿಯಿತು, ಒಂದು ಹರಳೂ ತಾಗಲಿಲ್ಲ. ಗಂಡನ ಕಾಲದಲ್ಲೂ ಅವಳು ಅಂಥ ಸುಣ್ಣ ಕಂಡಿರಲಿಲ್ಲ. ಗಡಿಗೆಯದು ಸಾಯಲಿ, ಗುಂಡಿಯದು ಹಣ್ಣಾಗಲಿ ಎಂದು ವೀರಭದ್ರ ಇಷ್ಟು ವರ್ಷ ತಡೆದಿದ್ದ ಎಂಬುದು ಅವಳಿಗೆ ಹೊಳೆಯಿತು. ಮೊದಲ ವರ್ಷವೇ ಹೂವು ಬಲಕ್ಕೆ ಬಿದ್ದಿದ್ದರೆ ಒಬ್ಬ ಕುರುಡನಾಗುತ್ತಿದ್ದ, ಮುದ್ದೀರ ಮಾತ್ರ ಮೋಸಗಾರನಾಗಿಯೇ ಮಣ್ಣಲ್ಲಿ ಉಳಿಯುತ್ತಿದ್ದ.

ಅಂಗೈ ತುಂಬ ಸುಣ್ಣ ಹಿಡಿದು ಅವಳು ಚಾವಡಿಗೆ ನಡೆದಳು. ಊರಿಗೆ ಊರೇ ಅಲ್ಲಿತ್ತು. ಸುಣ್ಣ ತನ್ನದು, ಹದ ತನಗೆ ಗೊತ್ತು, ಹದ ತಿಳಿಯದವರು ಕಟ್ಟಿದರೆ ಏನಾಗುತ್ತದೆ ಎಂಬುದನ್ನು ಮೂರು ಸಲ ನೋಡಿದ್ದೀರಿ ಎಂದಳು. ತನ್ನ ಷರತ್ತು ಒಂದೇ: ಗಾರೆ ಅರೆಯುವ ಗಾಣಕ್ಕೆ ಎತ್ತು ಕಟ್ಟಕೂಡದು, ನಾಯಕನೇ ನೊಗಕ್ಕೆ ಹೆಗಲು ಕೊಡಬೇಕು. ಒಂದೊಂದು ಸುತ್ತಿಗೂ ‘ಮುದ್ದೀರ ಮೋಸ ಮಾಡಲಿಲ್ಲ, ಮೋಸ ನನ್ನದು’ ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ನಾಯಕ ಕತ್ತಿಗೆ ಕೈಹಾಕಿದ. ರೈತರು ಗಾಡಿಗಳ ನೊಗ ಎತ್ತಿದರು. ಅವನು ಕತ್ತಿ ಬಿಟ್ಟ.

ಏರಿಯ ಕೆಳಗೆ ಗಾಣ ಹೂಡಿದರು. ಬರಿಗಾಲಲ್ಲಿ ನಾಯಕ ಸುತ್ತತೊಡಗಿದ, ಚೆಲ್ಲಿದ ಸುಣ್ಣ ಅವನ ಪಾದವನ್ನು ತಿಂದಿತು. ಮೊದಮೊದಲು ಜನ ನಾಚಿಕೆಯಿಂದ ತಲೆ ತಗ್ಗಿಸಿದ್ದರು. ಅಂದು ಬಾಯಿ ಮುಚ್ಚಿಕೊಂಡಿದ್ದವರಿಗೆ ಆ ಮಾತು ಸುತ್ತುಸುತ್ತಿಗೂ ನಾಟುತ್ತಿತ್ತು. ಬೊಮ್ಮವ್ವ ಕಲ್ಲಿನ ಮೇಲೆ ಕೂತು ಕಣ್ಣು ತುಂಬ ನೋಡಿದಳು, ಹೊಟ್ಟೆ ತಣ್ಣಗಾಗುವಷ್ಟು ನೋಡಿದಳು. ಹದಿಮೂರನೆಯ ದಿನ ಅವನು ಮಂಡಿಯೂರಿದ.

“ಸಾಕು ತಾಯಿ, ಹದ ಬಂದಿರಬೇಕು,” ಎಂದ.

ಅವಳು ಎದ್ದು ಬಂದು ಗಾರೆಗೆ ಕೈಯಿಟ್ಟು ನೋಡಿದಳು. “ತಣ್ಣಗೈತೆ ಕಣಪ್ಪ, ಹದ ಬಂದಿಲ್ಲ. ಎಳಿ.”

ನಲವತ್ತೊಂದು ದಿನ ಎಳೆದ. ಮುದ್ದೀರನನ್ನು ಹೂತ ಜಾಗದ ಮೇಲೆಯೇ ತೂಬು ಎದ್ದಿತು. ನಾಯಕನ ಪಾದ ಮತ್ತೆ ನೆಲಕ್ಕೆ ಸರಿಯಾಗಿ ಊರಲಿಲ್ಲ, ಅವನು ಪಲ್ಲಕ್ಕಿಯಲ್ಲಿ ಹೋದರೂ ಜನ ಗಾಣ ಹೊರಟಿತು ಎನ್ನುತ್ತಿದ್ದರಂತೆ. ಬೊಮ್ಮವ್ವ ಅವನನ್ನು ಕೊನೆಗೆ ಕ್ಷಮಿಸಿದಳೇ ಎಂದು ಕೇಳುವವರಿದ್ದಾರೆ. ಹಾಗೆಂದು ನಮ್ಮ ಹಿರಿಯರು ಯಾರೂ ಹೇಳಿದ್ದಿಲ್ಲ.

ಏರಿಯ ಕೆಳಗೆ ಗಾಣದ ಕಲ್ಲು ಉರುಳುತ್ತಿದ್ದ ದುಂಡನೆಯ ಕಾಲುವೆ ಇಂದಿಗೂ ಇದೆ. ಅದರ ಸುತ್ತ ಬಂಡೆಯಲ್ಲಿ ಸವೆದ ಇನ್ನೊಂದು ದಾರಿ ಕಾಣುತ್ತದೆ. ಅಷ್ಟು ಸಣ್ಣ ದಾರಿಯಲ್ಲಿ ಎತ್ತು ನಡೆಯಲಾರದು. ವರ್ಷದ ಮೊದಲ ನೀರು ಬಿಡುವ ದಿನ ಮೂರೂ ಹಳ್ಳಿಯವರು ಅಲ್ಲಿ ಸೇರುತ್ತಾರೆ. ಊರಿನ ಯಜಮಾನ, ಅವನು ಯಾವ ಪಕ್ಷದಿಂದ ಗೆದ್ದು ಬಂದವನೇ ಇರಲಿ, ಚಪ್ಪಲಿ ಕಳಚಿಟ್ಟು ಆ ದಾರಿಯಲ್ಲಿ ಒಂದು ಸುತ್ತು ನಡೆದು, ಮುದ್ದೀರ ಮೋಸ ಮಾಡಲಿಲ್ಲ ಎಂದು ಕೂಗಿ ಹೇಳಬೇಕು. ಆ ಮಾತು ಏರಿಯ ಮೇಲಿನವರೆಗೆ ಕೇಳಿಸಿದ ಮೇಲೆಯೇ ನೀರುಗಂಟಿ ತೂಬಿನ ಗೂಟ ಎತ್ತುತ್ತಾನೆ.