ಆರಿಸಿದ ಮೇಲೂ ಉಳಿಯುವ ಕರೆಂಟು

ಹಿರಿಯೂರಿನ ಸಂತೆಬೀದಿಯಲ್ಲಿ ಕರಿಬಸಪ್ಪ ಎಂಬ ವಯಸ್ಸಾದ ಮೇಸ್ತ್ರಿಯೊಬ್ಬರಿದ್ದರು. ಸುಟ್ಟುಹೋದ ಮೋಟಾರುಗಳಿಗೆ ಹೊಸದಾಗಿ ತಂತಿ ಸುತ್ತಿ ಜೀವ ಕೊಡುವುದು ಅವರ ಕಸುಬು. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದವರೇ ಹಣೆಗೆ ವಿಭೂತಿ ಇಟ್ಟುಕೊಂಡು, ತಂತಿ ಸುತ್ತುವ ಯಂತ್ರಕ್ಕೂ ಒಂದು ಗೆರೆ ಎಳೆದು, ಶಿವನಿಗೆ ಕೈಮುಗಿದು ಆಮೇಲೆಯೇ ಕೆಲಸಕ್ಕೆ ಕೂರುತ್ತಿದ್ದರು. ದುಡಿಯುವವನ ಕೈಯಲ್ಲಿ ದೇವರು ಇರುತ್ತಾನೆ ಎಂಬ ನಂಬಿಕೆ ಅವರದು.

ಅವರ ಬಳಿ ದ್ಯಾಮಕ್ಕ ಎಂಬ ಹೆಣ್ಣುಮಗಳು ಕೆಲಸ ಕಲಿಯಲು ಬಂದಳು. ಅಲ್ಲಿಯವರೆಗೆ ಅವಳು ರವಿಕೆ ಹೊಲಿಯುತ್ತಿದ್ದವಳು. ಬೆರಳು ಚುರುಕು, ಕಣ್ಣು ಅದಕ್ಕಿಂತ ಚುರುಕು. ಕೂದಲೆಳೆಯಂಥ ತಂತಿಯನ್ನೂ ಒಂದರ ಪಕ್ಕ ಒಂದು ಕೂರುವಂತೆ ಸುತ್ತಬಲ್ಲಳು. ಏನೇ ಆಗಲಿ, ಈ ಕಸುಬು ಕಲಿತೇ ತೀರುತ್ತೇನೆ ಎಂದು ಮನೆದೇವರ ಮುಂದೆ ಹೇಳಿಕೊಂಡು ಹೊರಟಿದ್ದಳು.

ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಮೇಸ್ತ್ರಿಗಳಿಗೆ ಅದು ತಿಳಿಯದು. ಅವರು ಹೊರಗೆ ಹೋದಾಗ ಮಾತ್ರ ನಡೆಯುವಂಥದ್ದು.

ಮಕ್ಕಳೇ, ನಿಮ್ಮ ಮನೆಯ ಫ್ಯಾನಿನೊಳಗೆ ಕೆಪಾಸಿಟರ್ ಎಂಬ ಒಂದು ಸಣ್ಣ ಡಬ್ಬಿ ಇರುತ್ತದೆ. ಅಂಗಡಿಯವರು ಅದನ್ನು ಕಂಡೆನ್ಸರ್ ಅಂತಲೂ ಕರೆಯುತ್ತಾರೆ. ಅದಕ್ಕೆ ಕರೆಂಟು ಕೊಟ್ಟು ಆಮೇಲೆ ವೈರು ಬಿಡಿಸಿದರೆ, ಕೊಟ್ಟದ್ದರಲ್ಲಿ ಒಂದಷ್ಟು ಒಳಗೇ ಉಳಿದುಬಿಡಬಹುದು. ನೋಡಲು ಏನೂ ಗೊತ್ತಾಗುವುದಿಲ್ಲ. ಮುಟ್ಟಿದರೆ ಮಾತ್ರ ಗೊತ್ತಾಗುತ್ತದೆ. ಹೊಸಬರು ಕೆಲಸಕ್ಕೆ ಸೇರಿದ ದಿನ ಹಳಬರು ಹೀಗೆ ತುಂಬಿಸಿದ ಡಬ್ಬಿಯನ್ನು ಅವರ ಕಡೆಗೆ ಎಸೆಯುತ್ತಿದ್ದರು. ಅದಕ್ಕೆ ಅವರು ಇಟ್ಟ ಹೆಸರು ಬೋಣಿ.

ದ್ಯಾಮಕ್ಕ ಸುತ್ತಿದ ತಂತಿಗೆ ಬಳಿಯುವ ವಾರ್ನಿಷ್ ತುಂಬಿದ ಮಗ್ಗು ಹಿಡಿದು ನಿಂತಿದ್ದಾಗ ತಿಪ್ಪೇಶ ಎಂಬ ಹಿರಿಯ ಕೆಲಸಗಾರ ಕರೆದ.

"ಟೈಲರಮ್ಮ, ಇಕಾ, ಹಿಡಿ."

ಅವಳು ಹಿಡಿದಳು. ಮೊಣಕೈವರೆಗೆ ಯಾರೋ ದೊಣ್ಣೆಯಲ್ಲಿ ಬಾರಿಸಿದಂತಾಯಿತು. ಮಗ್ಗು ಜಾರಿ ವಾರ್ನಿಷ್ ಸೀರೆಯ ಮೇಲೆಲ್ಲ ಸುರಿಯಿತು. ಅಂಗಡಿಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಬೋಣಿ ಆಯ್ತು," ಅಂದ ತಿಪ್ಪೇಶ. "ನಾಳೆ ಬರ್ತೀಯೋ, ಇಲ್ಲ ಗುಂಡಿ ಹಚ್ಚೋಕೆ ವಾಪಸ್ ಹೋಗ್ತೀಯೋ?"

"ಬರ್ತೀನಿ. ನಿನಗಿಂತ ಮುಂಚೆ ಬರ್ತೀನಿ," ಅಂದಳು ದ್ಯಾಮಕ್ಕ.

ಮಾತಿನಂತೆ ಬಂದಳು. ಮರುದಿನವೂ ಬಂದಳು, ಆಮೇಲೂ ಬಂದಳು. ಆ ಹಟ ಒಳ್ಳೆಯದು, ದೇವರು ಮೆಚ್ಚುವಂಥದ್ದು. ಆದರೆ ಅದರ ಬೆನ್ನಿಗೆ ಇನ್ನೊಂದು ಹಟವೂ ಅವಳ ಎದೆಯಲ್ಲಿ ಸದ್ದಿಲ್ಲದೆ ಬಂದು ಕೂತಿತ್ತು. ತಿಪ್ಪೇಶನಿಗೆ ಒಂದು ದಿನ ಇದನ್ನು ತಿರುಗಿ ಕೊಡಬೇಕು. ಯಾರಾದರೂ ಆ ದಿನದ ಮಾತು ತೆಗೆದರೆ, "ಅಯ್ಯೋ, ಅದನ್ನ ಯಾವತ್ತೋ ಮರೆತೆ ಬಿಡಿ," ಎಂದು ನಗುತ್ತಿದ್ದಳು. ಮರೆತಿರಲಿಲ್ಲ. ಆ ಸೀರೆಯನ್ನು ಒಗೆದೂ ಒಗೆದೂ ಕಲೆ ಹೋಗದೆ ಮಡಿಸಿ ಇಟ್ಟಿದ್ದಳು.

ಒಂದು ದಿನ ಅವಳೇ ಮೇಸ್ತ್ರಿಗಳನ್ನು ಕೇಳಿದಳು. "ಅಜ್ಜ, ಈ ಕೆಪಾಸಿಟರ್ ಒಳಗೆ ಏನಿರುತ್ತೆ?"

ಕರಿಬಸಪ್ಪನವರು ಕೆಟ್ಟುಹೋದ ಡಬ್ಬಿಯೊಂದನ್ನು ಸೀಳಿ, ಒಳಗಿನ ಸುರುಳಿಯನ್ನು ಬಿಚ್ಚಿ ನೆಲದ ಮೇಲೆ ಹಾಸಿದರು. ಅದು ಸೀರೆಯ ಅಂಚಿನಂತೆ ಉದ್ದಕ್ಕೆ ಹರಡಿತು.

"ನೋಡು ತಾಯಿ. ಎರಡು ತೆಳ್ಳನೆ ತಗಡು, ನಡುವೆ ಒಂದು ಹಾಳೆ. ಈ ತಗಡಿನ ಮೇಲೆ ಒಂದು ಥರದ ಕರೆಂಟು ಬಂದು ಗುಂಪು ಕೂಡುತ್ತೆ. ಆ ತಗಡಿನ ಮೇಲೆ ಅದಕ್ಕೆ ಎದುರಾದದ್ದು ಗುಂಪು ಕೂಡುತ್ತೆ. ಎರಡೂ ಒಂದನ್ನೊಂದು ಸೆಳೀತಾವೆ. ಆದರೆ ನಡುವಿನ ಹಾಳೆ ದಾಟೋಕಾಗಲ್ಲ. ಕಾಯ್ತಾ ಕೂರ್ತಾವೆ. ದಾರಿ ಸಿಕ್ತೋ, ಒಂದೇ ಉಸಿರಿಗೆ ಓಡ್ತಾವೆ."

"ದಾರಿ ಅಂದ್ರೆ?"

"ತಂತಿ ಆಗಬಹುದು. ನಿನ್ನ ಕೈಯೂ ಆಗಬಹುದು."

"ಹಂಗಾದ್ರೆ ಇದೂ ಬ್ಯಾಟರಿ ಇದ್ದಂಗೆ."

"ಅಲ್ಲ. ಬ್ಯಾಟರಿ ತನ್ನೊಳಗೇ ಕರೆಂಟು ಹುಟ್ಟಿಸಿ ನಿಧಾನಕ್ಕೆ ಕೊಡುತ್ತೆ. ಇದಕ್ಕೆ ಹುಟ್ಟಿಸೋಕೆ ಬರಲ್ಲ. ಬೇರೆಯವರು ಕೊಟ್ಟಿದ್ದನ್ನ ಹಿಡ್ಕೊಳ್ಳುತ್ತೆ, ಬಿಟ್ಟಾಗ ಒಂದೇ ಏಟಿಗೆ ಬಿಡುತ್ತೆ. ಹಂಗಂತ ಕೆಟ್ಟದ್ದು ಅನ್ಬೇಡ. ಫ್ಯಾನಲ್ಲಿ ಇದು ಹೊತ್ತಿಗೆ ಸರಿಯಾಗಿ ತುಂಬಿ, ಹೊತ್ತಿಗೆ ಸರಿಯಾಗಿ ಬಿಡೋದಕ್ಕೇ ರೆಕ್ಕೆಗೆ ಯಾವ ಕಡೆ ತಿರುಗಬೇಕು ಅಂತ ತಿಳಿಯೋದು. ಇದು ಕೆಟ್ಟರೆ ಫ್ಯಾನು ಗುಂಯ್ ಅಂತ ನಿಂತಲ್ಲೇ ನಿಂತಿರುತ್ತೆ. ಹಿಡ್ಕೊಂಡು ಬಿಡದೆ ಕೂತರೆ ಮಾತ್ರ ಕೇಡು."

"ಬಿಡಿಸೋದು ಹೆಂಗೆ? ತಿಪ್ಪೇಶಣ್ಣ ಸ್ಕ್ರೂಡ್ರೈವರ್ ಅಡ್ಡ ಇಡ್ತಾನೆ. ಚಟಾರ್ ಅನ್ನುತ್ತೆ."

"ಹಂಗೆ ಮಾಡಿದರೆ ಕಿಡಿ ಹಾರುತ್ತೆ, ಡಬ್ಬಿಯೂ ಹಾಳು, ಕಣ್ಣಿಗೂ ಕಂಟಕ." ಮೇಸ್ತ್ರಿಗಳು ಎರಡು ವೈರು ಜೋಡಿಸಿದ ಬಲ್ಬೊಂದನ್ನು ತೆಗೆದುಕೊಂಡು ಕರೆಂಟು ತುಂಬಿದ್ದ ಬೇರೊಂದು ಡಬ್ಬಿಯ ತುದಿಗಳಿಗೆ ತಾಗಿಸಿದರು. ಬಲ್ಬು ಮಿಣಕ್ಕನೆ ಹೊತ್ತಿ ಆರಿತು. "ಬಲ್ಬಿನ ಮೂಲಕ ಇಳಿಸು. ಒಳಗಿದ್ದದ್ದು ಬೆಳಕಾಗಿ ಹೋಗುತ್ತೆ. ಇಷ್ಟೇ."

ದ್ಯಾಮಕ್ಕ ಕಲಿತಳು. ತನಗಾಗಿ ವೈರು ಕಟ್ಟಿದ ಒಂದು ಬಲ್ಬಿನ ಜೋಡಿ ಮಾಡಿಕೊಂಡು ಚೀಲದಲ್ಲಿ ಇಟ್ಟುಕೊಂಡಳು. ಡಬ್ಬಿಗಳನ್ನೆಲ್ಲ ಇಳಿಸಿದಳು. ಎದೆಯೊಳಗಿದ್ದದ್ದನ್ನು ಮಾತ್ರ ಇಳಿಸಲಿಲ್ಲ.

ಬೇಸಗೆಯಲ್ಲಿ ಊರಾಚೆಯ ಶೇಂಗಾ ಎಣ್ಣೆ ಮಿಲ್ಲಿನಿಂದ ಕರೆ ಬಂತು. ದೊಡ್ಡ ಮೋಟಾರುಗಳಿರುವ ಕಡೆ, ಅವು ಲೈನಿನಿಂದ ಹೆಚ್ಚುವರಿ ಕರೆಂಟು ಎಳೆಯದಿರಲಿ ಎಂದು ದಪ್ಪ ದಪ್ಪ ಕೆಪಾಸಿಟರುಗಳ ಕಬ್ಬಿಣದ ಪೆಟ್ಟಿಗೆ ಇಟ್ಟಿರುತ್ತಾರೆ. ಅದರಲ್ಲೊಂದು ಉಬ್ಬಿಕೊಂಡಿತ್ತು. ಬದಲಾಯಿಸಿ ಬನ್ನಿ ಎಂದು ಮೇಸ್ತ್ರಿಗಳು ತಿಪ್ಪೇಶನನ್ನೂ ದ್ಯಾಮಕ್ಕನನ್ನೂ ಕಳಿಸಿದರು.

ತಿಪ್ಪೇಶ ಮಿಲ್ಲಿನ ಮೇನ್ ಸ್ವಿಚ್ ಇಳಿಸಿದ. ಫ್ಯೂಸುಗಳನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡ. ತಾನು ಕೆಲಸದಲ್ಲಿರುವಾಗ ಇನ್ನೊಬ್ಬರು ತಿಳಿಯದೆ ಸ್ವಿಚ್ ಹಾಕಿಬಿಡಬಾರದಲ್ಲ, ಅದಕ್ಕೆ. ಅದು ಜಾಣತನವೇ.

"ನೀರು ಕುಡಿದು ಬರ್ತೀನಿ," ಅಂದ. "ಅಷ್ಟರಲ್ಲಿ ಡಬ್ಬೀಲಿರೋ ಕರೆಂಟು ತಾನೇ ಇಳಿದಿರುತ್ತೆ. ನೀನು ಮುಚ್ಚಳ ಬಿಚ್ಚಿಡು ಟೈಲರಮ್ಮ. ಗುಂಡಿ ಬಿಚ್ಚಿದಂಗೆ ಬಿಚ್ಚಬೇಡ, ಸ್ಕ್ರೂ ಐತೆ."

ತಾನೇ ಇಳಿಯುತ್ತದೆ ಅಂದದ್ದು ಸುಳ್ಳೇನಲ್ಲ. ಅಂಥ ಕೆಪಾಸಿಟರಿನ ತುದಿಗಳ ನಡುವೆ ರೆಸಿಸ್ಟರ್ ಎಂಬ ಪುಟ್ಟ ಕಡ್ಡಿಗಳನ್ನು ಕೂರಿಸಿರುತ್ತಾರೆ. ಸ್ವಿಚ್ ಆರಿಸಿದ ಮೇಲೆ ಒಳಗೆ ಉಳಿದದ್ದು ಅವುಗಳ ಮೂಲಕ ಸೋರಿ ಖಾಲಿಯಾಗುತ್ತದೆ.

ದ್ಯಾಮಕ್ಕ ಮುಚ್ಚಳ ತೆಗೆದು ನೋಡಿದಳು. ಉಬ್ಬಿದ ಡಬ್ಬಿಯ ಆ ಕಡ್ಡಿಗಳು ಕಪ್ಪಗೆ ಸುಟ್ಟು ತುಂಡಾಗಿದ್ದವು. ಸೋರಲು ದಾರಿಯೇ ಇರಲಿಲ್ಲ. ತುಂಬಿದ್ದೆಲ್ಲ ತುಂಬಿದ ಹಾಗೇ ಕೂತಿತ್ತು. ಮನೆಯ ಕರೆಂಟಲ್ಲ, ಮೂರು ಫೇಸಿನದು. ಎರಡು ಕೈಯಿಂದ ಹಿಡಿದರೆ ಏಟು ನೇರ ಎದೆಗೆ.

ತಿಪ್ಪೇಶ ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಬಂದ.

ಒಂದು ಮಾತು ಹೇಳಿದರೆ ಸಾಕಿತ್ತು. ಅವಳು ಹೇಳಲಿಲ್ಲ.

ಒಂದೇ ಒಂದು ಏಟು ಬೀಳಲಿ ಎಂದಿತು ಮನಸ್ಸು. ನನಗೆ ಬಿತ್ತಲ್ಲ, ನಾನೇನು ಸತ್ತೆನಾ? ಅವನಿಗೇ ಗೊತ್ತಾಗಲಿ. ನಾನೇನು ಎಸೆಯುತ್ತಿಲ್ಲವಲ್ಲ, ಸುಮ್ಮನೆ ನಿಂತಿದ್ದೇನೆ ಅಷ್ಟೆ. ಕೇಳಿದರೆ, ಕಡ್ಡಿ ಸುಟ್ಟದ್ದು ನೋಡಲಿಲ್ಲ ಅಂದರಾಯಿತು. ಹೀಗೆ ಮನಸ್ಸು ಒಂದರ ಹಿಂದೊಂದು ನೆಪ ತಂದು ಕೊಡುತ್ತಲೇ ಇತ್ತು. ಮನಸ್ಸಿಗೆ ನೆಪಗಳ ಕೊರತೆ ಯಾವತ್ತೂ ಇರುವುದಿಲ್ಲ, ಮಕ್ಕಳೇ.

"ಬೊಂಬೆ ಥರ ನಿಂತ್ಯಲ್ಲ. ಸ್ಪ್ಯಾನರ್ ಕೊಡು," ಅಂದ ತಿಪ್ಪೇಶ.

ಅವಳು ಸ್ಪ್ಯಾನರ್ ಕೊಟ್ಟಳು.

ತಿಪ್ಪೇಶ ಪೆಟ್ಟಿಗೆಯ ಹೊರಮೈಯನ್ನು ಮುಟ್ಟಿ ಬೆರಳನ್ನು ಕಣ್ಣಿಗೊತ್ತಿಕೊಂಡ. "ಅಪ್ಪಾ ಮಲ್ಲೇಶ, ಕಾಪಾಡು," ಎಂದು ಮೆಲ್ಲಗೆ ಅಂದ. ಕೆಲಸಕ್ಕೆ ಕೈಹಾಕುವ ಮುಂಚೆ ಅವನು ದಿನಾ ಹಾಗೆ ಮಾಡುತ್ತಿದ್ದನೋ ಏನೋ, ದ್ಯಾಮಕ್ಕ ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

ಕಾಪಾಡು ಎಂದು ಅವನು ದೇವರನ್ನು ಕೇಳಿದ್ದ. ಆ ಗಳಿಗೆಯಲ್ಲಿ ಕಾಪಾಡಲು ದೇವರ ಕೈಗೆ ಎಟಕುವಂತೆ ಅಲ್ಲಿ ನಿಂತಿದ್ದವಳು ತಾನೊಬ್ಬಳೇ. ಅದು ಹೊಳೆದದ್ದೇ ತಡ, ಅವಳ ಕೈ ತಾನಾಗಿ ಮುಂದೆ ಹೋಗಿ ಅವನ ಮಣಿಕಟ್ಟು ಹಿಡಿಯಿತು.

"ತಿಪ್ಪೇಶಣ್ಣ, ಮುಟ್ಟಬೇಡ. ಇಳಿದಿಲ್ಲ."

"ಫ್ಯೂಸು ನನ್ನ ಜೇಬಲ್ಲೈತೆ."

"ಫ್ಯೂಸು ಜೇಬಲ್ಲೈತೆ. ಕರೆಂಟು ಡಬ್ಬೀಲೈತೆ."

"ನೀನು ನನಗೆ ಪಾಠ ಹೇಳೋಕೆ ಬಂದ್ಯಾ? ಮಿಲ್ಲಿನೋರು ಕಾಯ್ತಾವ್ರೆ. ಕೈ ಬಿಡು."

"ಬಿಡಲ್ಲ."

"ದ್ಯಾಮಿ, ಸಿಟ್ಟು ಬರಿಸಬೇಡ."

"ಬರಲಿ. ಬೇಕಾದರೆ ಹೊಡಿ. ಕೈ ಮಾತ್ರ ಬಿಡಲ್ಲ."

ಅವಳು ಅವನಿಗೂ ಪೆಟ್ಟಿಗೆಗೂ ನಡುವೆ ಬಂದು ನಿಂತಳು. ಒಂದು ಕೈಯಿಂದ ಚೀಲದಲ್ಲಿ ತಡಕಿ ಬಲ್ಬಿನ ಜೋಡಿ ತೆಗೆದಳು. ಮೂರು ಫೇಸಿಗೆ ಒಂದು ಬಲ್ಬು ತಡೆಯುವುದಿಲ್ಲವೆಂದು ಎರಡು ಬಲ್ಬುಗಳನ್ನು ಒಂದರ ಹಿಂದೊಂದು ಪೋಣಿಸಿದ್ದಳು. ಅವನಿಗೆ ಬೆನ್ನು ಅಡ್ಡ ಕೊಟ್ಟು, ಆಮೇಲೆಯೇ ಅವನ ಕೈ ಬಿಟ್ಟು, ವೈರಿನ ತುದಿಗಳನ್ನು ಜಾಗ್ರತೆಯಿಂದ ಕೆಪಾಸಿಟರಿಗೆ ತಾಗಿಸಿದಳು.

ಬಲ್ಬುಗಳು ಝಗ್ಗನೆ ಹೊತ್ತಿದವು. ತಿಪ್ಪೇಶನ ಮುಖ, ಗೋಡೆ, ಜಿಡ್ಡು ಹಿಡಿದ ನೆಲ ಎಲ್ಲ ಬೆಳ್ಳಗಾಯಿತು. ಆಮೇಲೆ ಬೆಳಕು ಹಳದಿಯಾಗಿ, ಕೆಂಪಾಗಿ, ಆರಿತು.

ತಿಪ್ಪೇಶ ಅಲ್ಲೇ ಇದ್ದ ಎಣ್ಣೆ ಡಬ್ಬದ ಮೇಲೆ ಕುಸಿದು ಕೂತ. ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. ಮನೆಯಲ್ಲಿ ಅವನ ಹೆಂಡತಿ ಬುತ್ತಿ ಕಟ್ಟಿಕೊಟ್ಟಿದ್ದಳು. ಅದು ಇನ್ನೂ ಬಿಚ್ಚದೆ ಸೈಕಲ್ಲಿನಲ್ಲಿ ನೇತಾಡುತ್ತಿತ್ತು.

"ಕಡ್ಡಿ ಸುಟ್ಟಿದ್ದು ಯಾವಾಗ ನೋಡಿದೆ?" ಎಂದು ಪೆಟ್ಟಿಗೆಯೊಳಗಿನ ಸುಟ್ಟ ಕಡ್ಡಿಗಳತ್ತ ನೋಡಿ ಕೇಳಿದ.

ಈಗ ತಾನೇ ನೋಡಿದೆ ಅನ್ನಬಹುದಿತ್ತು. ಹಾಗೆ ಅಂದಿದ್ದರೆ ಅವನು ನಂಬುತ್ತಿದ್ದ, ಉಪಕಾರವೆಂದು ಕೈಯನ್ನೂ ಮುಗಿಯುತ್ತಿದ್ದ. ಆದರೆ ದ್ಯಾಮಕ್ಕ ಹಲ್ಲು ಕಚ್ಚಿ ನಿಜವನ್ನೇ ಹೇಳಿದಳು.

"ನೀನು ಸ್ಪ್ಯಾನರ್ ಕೇಳೋಕೂ ಮೊದಲೇ."

"ನೋಡಿನೂ ಕೊಟ್ಟೆ."

"ಹೂಂ. ಕೊಟ್ಟೆ. ನೀನು ಅವತ್ತು ಡಬ್ಬಿ ಎಸೆದು ನಕ್ಕಿದ್ದು ನನ್ನೊಳಗೆ ಹಂಗೇ ಕೂತಿತ್ತು. ಮರೆತೆ ಮರೆತೆ ಅಂತ ಊರಿಗೆಲ್ಲ ಹೇಳಿದೆ, ಮರೆತಿರಲಿಲ್ಲ. ನಿನಗೊಂದು ಏಟು ಬೀಳಲಿ ಅಂತ ನಿಂತಿದ್ದೆ. ತಪ್ಪಾಯ್ತು. ಬೈಯೋದಿದ್ರೆ ಬೈದುಬಿಡು."

ತಿಪ್ಪೇಶ ಬೈಯಲಿಲ್ಲ.

"ನಾನು ಸೇರಿದ ದಿನ ನನಗೂ ಹಂಗೇ ಎಸೆದಿದ್ರು," ಅಂದ. "ನಾಲಿಗೆ ಕಚ್ಚಿಕೊಂಡು ರಕ್ತ ಬಂದಿತ್ತು. ಎಸೆದೋರು ನನಗಿಂತ ದೊಡ್ಡೋರು, ಏನೂ ಅನ್ನೋಕಾಗಲಿಲ್ಲ. ಅವತ್ತಿಂದ ಬಂದ ಬಂದ ಹೊಸಬರಿಗೆಲ್ಲ ಎಸೀತಾ ಬಂದೆ. ಎಸೆದಾಗ ಒಂದು ಗಳಿಗೆ ಹಗುರ ಆದಂಗೆ ಆಗೋದು. ಆಮೇಲೆ ಮತ್ತೆ ಹಂಗೇ." ಅವನು ಅವಳತ್ತ ತಿರುಗಿದ. "ಸೀರೆ ಹಾಳಾಯ್ತಲ್ಲ, ಅವತ್ತು ಮನೇಲಿ ಏನಂದ್ರು?"

ಇಷ್ಟು ದಿನದಲ್ಲಿ ಆ ಮಾತನ್ನು ಕೇಳಿದವರು ಯಾರೂ ಇರಲಿಲ್ಲ.

"ನಮ್ಮತ್ತೆ ಕೇಳಿದ್ರು. ನಾನೇ ಚೆಲ್ಕೊಂಡೆ ಅಂದೆ. ನಿಜ ಹೇಳಿದ್ರೆ ಕೆಲಸ ಬಿಡಿಸಿಬಿಡೋರು."

"ನನ್ನದು ತಪ್ಪು, ದ್ಯಾಮಕ್ಕ," ಅಂದ ತಿಪ್ಪೇಶ. ಟೈಲರಮ್ಮ ಅನ್ನಲಿಲ್ಲ.

ಅವನು ಎದ್ದು ಪೆಟ್ಟಿಗೆಯ ಒಳಗೆ ಇಣುಕಿದ. "ಮೂರು ಫೇಸಿಗೆ ಮೂರು ತುದಿ ಐತೆ, ನೀನು ಒಂದು ಜೋಡಿ ತುದಿ ಮಾತ್ರ ಇಳಿಸಿದ್ದೀಯ. ಇನ್ನೂ ಎರಡು ಜೋಡಿ ಅವೆ. ಬಲ್ಬು ಇಲ್ಲಿ ಕೊಡು. ಇವನ್ನ ನಾನು ಇಳಿಸ್ತೀನಿ."

"ಶುರು ಮಾಡಿದ್ದು ನಾನು, ನಾನೇ ಮುಗಿಸ್ತೀನಿ."

"ಹಂಗಾದ್ರೆ ಆ ವೈರು ನೀನು ಹಿಡಿ, ಈ ವೈರು ನಾನು ಹಿಡೀತೀನಿ. ತುದಿ ಮುಟ್ಟಬೇಡ, ಮೇಲಿನ ಪ್ಲಾಸ್ಟಿಕ್ ಹಿಡ್ಕೊ."

"ಗೊತ್ತು ಕಣಣ್ಣ."

ಇಬ್ಬರೂ ಒಂದೊಂದು ವೈರು ಹಿಡಿದು ಉಳಿದ ಜೋಡಿಗಳಿಗೂ ತಾಗಿಸಿದರು. ಬಲ್ಬುಗಳು ಇಬ್ಬರ ನಡುವೆ ಇನ್ನೊಮ್ಮೆ ಬೆಳಗಿದವು, ಮೊದಲಿನಷ್ಟಲ್ಲ, ಮೆಲ್ಲಗೆ. ಅವು ಪೂರ್ತಿ ಆರುವವರೆಗೆ ಇಬ್ಬರೂ ಕೈ ತೆಗೆಯಲಿಲ್ಲ.

ನೀತಿ: ಇನ್ನೊಬ್ಬರು ಕೊಟ್ಟ ನೋವನ್ನು ಒಳಗೆ ಹಿಡಿದಿಟ್ಟುಕೊಂಡು ಬಾಯಲ್ಲಿ ಮಾತ್ರ ಮರೆತೆ ಅಂದರೆ ಅದು ಇಳಿಯುವುದಿಲ್ಲ. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ಕರೆಂಟು ಉಳಿದಂತೆ ಅದು ಕಾಯುತ್ತ ಕೂತು, ಎದುರಿಗೆ ಸಿಕ್ಕ ಕೈಯನ್ನು ಸುಡುತ್ತದೆ. ಆದ್ದರಿಂದ ಸಿಟ್ಟನ್ನು ಸೇಡಾಗಿ ಎಸೆಯಬೇಡಿ, ಬಚ್ಚಿಡಲೂ ಬೇಡಿ. ಇದ್ದದ್ದನ್ನು ಇದ್ದ ಹಾಗೆ ಧೈರ್ಯವಾಗಿ ಹೇಳಿ ಇಳಿಸಿಕೊಳ್ಳಿ. ನಿಜದ ಮಾತಿನಲ್ಲಿ ಇಳಿದುಹೋದ ಸಿಟ್ಟು, ದೇವರ ದಯೆಯಿಂದ, ಬೆಳಕಾಗಿಯೇ ಹೋಗುತ್ತದೆ.