ಗಂಗವ್ವನಿಗೆ ಕೊಟ್ಟ ಬಾಗಿನ

“ಗುರುಗಳೇ, ಎಷ್ಟು ಕಿತ್ತರೂ ಈ ಕಳೆ ಮುಗಿಯುವುದಿಲ್ಲ. ಇದನ್ನು ಮೊದಲು ನೀರಿಗೆ ಬಿಟ್ಟ ಪಾಪಿಯನ್ನು ತಾವು ಒಂದು ದಿನವೂ ಬಯ್ದದ್ದಿಲ್ಲ. ಏಕೆ?”

ಶಿಷ್ಯ ಬುಟ್ಟಿ ಹಿಡಿದು ಕೆರೆಯ ದಡದಲ್ಲಿ ನಿಂತಿದ್ದ. ಗುರುಗಳು ಸೊಂಟದ ಮಟ್ಟದ ನೀರಿನಲ್ಲಿದ್ದರು. ನೇರಳೆ ಹೂಬಿಟ್ಟ ಕಳೆಯನ್ನು ಬೇರುಸಹಿತ ಎಳೆಯುತ್ತಲೇ ಹೇಳಿದರು:

“ನಿನಗೆ ಬಯ್ಯಲು ಹೊತ್ತಿದೆ, ನನಗೆ ಕೀಳಲೇ ಹೊತ್ತು ಸಾಲದು. ಒಂದು ಕತೆ ಹೇಳುತ್ತೇನೆ, ಕೇಳು.

“ಒಂದು ಕೆರೆಯ ದಡದಲ್ಲಿ ಒಬ್ಬ ಬೆಸ್ತನಿದ್ದ. ಅವನಿಗೆ ಹೆಂಡತಿ, ಒಬ್ಬ ಮಗ. ಬಲೆಗೆ ಬಿದ್ದ ಮೀನೇ ಅವರ ಅನ್ನ. ಒಮ್ಮೆ ಅವನು ದೂರದೇಶದ ವರ್ತಕನೊಬ್ಬನನ್ನು ಹರಿಗೋಲಿನಲ್ಲಿ ದಾಟಿಸಿದ. ವರ್ತಕ ಮೆಚ್ಚಿ, ತನ್ನ ನಾಡಿನ ಹೊಳೆಯದೆಂದು ಒಂದು ಹೂವಿನ ಗಿಡ ಕೊಟ್ಟ. ಅದಕ್ಕೆ ಮಣ್ಣೂ ಬೇಡ. ನೀರಿನ ಮೇಲೆ ತೇಲಿಕೊಂಡೇ ಬದುಕುತ್ತದೆ. ಬೆಸ್ತ ಅದನ್ನು ಹೆಂಡತಿಯ ಕೈಗಿಟ್ಟ. ಅವಳು ಹಿತ್ತಲ ಬಾನಿಯಲ್ಲಿ ಬಿಟ್ಟಳು. ತಿಂಗಳೊಳಗೆ ಬಾನಿ ತುಂಬಿತು. ಅವಳದು ಹಂಚಿ ತಿನ್ನುವ ಕೈ. ನೆರೆಯವರಿಗೆಲ್ಲ ಒಂದೊಂದು ಕೊಟ್ಟಳು. ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು ಗಂಡನ ಮನೆಗೂ ಒಯ್ದರು.

“ಆ ವರ್ಷ ಕೆರೆ ಕೋಡಿ ಬಿತ್ತು. ಕೆರೆ ತುಂಬಿದರೆ ಹೆಂಗಸರು ಗಂಗವ್ವನಿಗೆ ಬಾಗಿನ ಕೊಡುವುದು ಪದ್ಧತಿ. ಮೊರದಲ್ಲಿ ಅರಿಸಿನ, ಕುಂಕುಮ, ಬಳೆ, ಧಾನ್ಯ ಇಟ್ಟು, ಮೇಲೊಂದು ಮೊರ ಮುಚ್ಚಿ, ನೀರಿಗೆ ಬಿಡುತ್ತಾರೆ. ಊರಿಗೆಲ್ಲ ಗಂಗವ್ವ ತಾಯಿ. ಹೆಣ್ಣುಮಕ್ಕಳಿಲ್ಲದ ಬೆಸ್ತನ ಹೆಂಡತಿಗೆ ಮಾತ್ರ ಮಗಳು. ಇವಳು ಮೊರದೊಳಗೆ ಆ ಹೂವನ್ನೂ ಇಟ್ಟಳು. ‘ಕುಯ್ದ ಹೂವು ಸಂಜೆಗೇ ಬಾಡ್ತದೆ. ಮಗಳಿಗೆ ಕೊಡೋದು ಬಾಳಬೇಕು’ ಎಂದು ಬೇರುಸಹಿತ ಇಟ್ಟಳು. ಉಳಿದವರೂ ಹಾಗೆಯೇ ಮಾಡಿದರು. ಗಂಡನ ಮನೆಗೆ ಹೋದವರು ಆ ಊರುಗಳ ಕೆರೆಗೂ ಹಾಗೆಯೇ ಕೊಟ್ಟರು.

“ಹೂವು ಬಾಳಿತು. ಮೂರನೆಯ ವರ್ಷ ಕೆರೆಯಲ್ಲಿ ನೀರೇ ಕಾಣಲಿಲ್ಲ. ಮೀನು ಉಸಿರುಗಟ್ಟಿ ಸತ್ತವು. ಹರಿಗೋಲು ದಡ ಬಿಟ್ಟು ಕದಲಲಿಲ್ಲ. ಬೆಸ್ತನ ಮನೆಯಲ್ಲಿ ಒಲೆ ಹೊತ್ತುವುದು ದಿನ ಬಿಟ್ಟು ದಿನವಾಯಿತು.

“ವರ್ತಕ ಮತ್ತೆ ಆ ದಾರಿಯಲ್ಲಿ ಬಂದ. ಕೆರೆ ನೋಡಿ ತಲೆಯ ಮೇಲೆ ಕೈಹೊತ್ತ. ‘ನಮ್ಮ ಹೊಳೆಯಲ್ಲಿ ಇದನ್ನು ತಿನ್ನುವ ಹುಳ ಇದೆ, ತಾಯಿ. ನಾನು ಹೂವನ್ನು ತಂದೆ, ಹುಳ ಅಲ್ಲೇ ಉಳಿಯಿತು’ ಎಂದ.

“ಅವಳು ದಡದಲ್ಲೇ ಕುಸಿದಳು. ‘ಮಗಳಿಗೆ ನಾನೇ ಕೈಯಾರೆ ವಿಷ ಉಣಿಸಿದೆನಲ್ಲ!’ ಎಂದು ಅತ್ತಳು. ಬೆಸ್ತ ಅವಳ ಕಣ್ಣೊರೆಸಿದ. ‘ನೀನು ಕೊಟ್ಟಿದ್ದು ಹೂವು ಕಣೆ. ತಂದವನು ನಾನು. ಏಳು, ಇಬ್ಬರೂ ಕೀಳೋಣ’ ಎಂದ. ಇಬ್ಬರೂ ನೀರಿಗಿಳಿದರು. ಅವನು ಸತ್ತ ಮೇಲೂ ಅವಳು ಇಳಿಯುತ್ತಿದ್ದಳು. ಒಂದು ಹಿಡಿ ಕೀಳದೆ ತುತ್ತು ಮುಟ್ಟುತ್ತಿರಲಿಲ್ಲ. ಕೊನೆಗೆ ಏಳಲಾಗದೆ ಮಲಗಿದಾಗ ಮಗನ ಕೈ ಹಿಡಿದು ಕೆರೆಯ ಕಡೆ ನೋಡಿದಳು. ಬಾಯಿಬಿಟ್ಟು ಏನೂ ಕೇಳಲಿಲ್ಲ.”

ಶಿಷ್ಯನ ಕಣ್ಣು ತುಂಬಿತ್ತು. ಸಿಟ್ಟು ಮಾತ್ರ ಪೂರ್ತಿ ಇಳಿದಿರಲಿಲ್ಲ. “ಕನಿಕರವೇನೋ ಆಗುತ್ತದೆ, ಗುರುಗಳೇ. ಆದರೂ ತಪ್ಪು ತಪ್ಪೇ ಅಲ್ಲವೇ?” ಎಂದ.

ಗುರುಗಳು ಬೇರಿನ ಕೆಸರು ತೊಳೆದು ಗಿಡವನ್ನು ಬುಟ್ಟಿಗೆ ಹಾಕಿದರು.

“ತಪ್ಪೇ, ಮಗು; ಅದಕ್ಕೇ ನನ್ನ ಅವ್ವನ ಪಾಲಿನ ಹಿಡಿಯನ್ನು ದಿನಾ ನಾನು ಕೀಳುತ್ತಿದ್ದೇನೆ.”